ರುಜು ಬಾರದವನ ವಂಶಾವಳಿ

ಎತ್ತಿನ ಮೇಲೆ ಬಂದ ಹೆಳವನು ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಹೇಳಿ, ಕಾಳುಕಡಿ ಪಡೆದು ಹೋಗುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಊರಲ್ಲಿ ಕಂಡಿರಬಹುದು. ಇಂಗ್ಲೆಂಡಿನ ಬಡವರಿಗೆ ಇಂಥ ಹೆಳವರಿರಲಿಲ್ಲ. ಅಲ್ಲಿಯ ಶ್ರೀಮಂತರ ವಂಶಾವಳಿಗಳು ಅಚ್ಚಾಗಿ ಪುಸ್ತಕಗಳಾದವು. ಹೊಲದ ಕೂಲಿಯ ವಂಶವನ್ನು ಬರೆದವರಾರು? ಆದರೂ ಇಂದು ಅಲ್ಲಿಯ ಎಷ್ಟೋ ದುಡಿಯುವ ಕುಟುಂಬಗಳು ತಮ್ಮ ಹಿರಿಯರನ್ನು ಇನ್ನೂರು ವರ್ಷಗಳಾಚೆಗೂ ಗುರುತಿಸಿಕೊಂಡಿವೆ. ಅದು ಹೇಗೆಂಬುದನ್ನು ನೋಡೋಣ.

ತಿಳಿದುದನ್ನು ಹಿಡಿದು ತಿಳಿಯದುದರ ಕಡೆಗೆ ಹಿಂದಕ್ಕೆ ನಡೆಯಬೇಕೆಂಬುದು ಮೊದಲನೆಯ ನಿಯಮ. 1837ನೆಯ ಜುಲೈ 1ರಿಂದ ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಜನನ, ವಿವಾಹ, ಮರಣಗಳನ್ನು ಸರಕಾರವೇ ದಾಖಲು ಮಾಡತೊಡಗಿತು. ವಿವಾಹದ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ಕಸುಬೂ ಉಂಟು. ಹಾಳೆ ಒಂದು ದೊರೆತರೆ ಒಂದು ತಲೆಮಾರು ಹಿಂದೆ ಹೋದಂತಾಯಿತು.

ಎರಡನೆಯ ಆಧಾರ ಖಾನೇಷುಮಾರಿ, ಎಂದರೆ ಜನಗಣತಿ. ಅದು 1801ರಲ್ಲಿ ಆರಂಭವಾದರೂ, ದೇಶದಾದ್ಯಂತ ಜನರ ಹೆಸರುಗಳನ್ನು ಬರೆದು ಉಳಿಸಿದ್ದು 1841ರಿಂದ. ಆ ವರ್ಷದ ವಯಸ್ಸನ್ನು ಹಾಗೆಯೇ ನಂಬಬಾರದು. ಹದಿನೈದು ದಾಟಿದವರ ವಯಸ್ಸನ್ನು ಐದೈದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಅಪ್ಪಣೆಯಿತ್ತು; 39ರವನು 35 ಆಗಿಬಿಡುತ್ತಿದ್ದನು. 1851ರಲ್ಲಾದರೋ ಸರಿಯಾದ ವಯಸ್ಸು, ಮನೆಯ ಯಜಮಾನನೊಡನೆ ಸಂಬಂಧ, ಹುಟ್ಟಿದ ಊರು, ಎಲ್ಲವನ್ನೂ ಕೇಳಿದರು. ಹಳ್ಳಿ ಬಿಟ್ಟು ಮ್ಯಾಂಚೆಸ್ಟರಿನ ಹತ್ತಿ ಗಿರಣಿ ಸೇರಿದವನ ಮೂಲ ಊರು ಸಿಗುವುದು ಇಲ್ಲಿಯೇ. ಈ ಹಾಳೆಗಳು ನೂರು ವರ್ಷ ಗುಪ್ತವಾಗಿದ್ದು ಬಳಿಕ ತೆರೆಯಲ್ಪಡುತ್ತವೆ. 1921ರವು 2022ರಲ್ಲಿ ಹೊರಬಂದವು. 1931ರವು 1942ರ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ.

ಊರು ತಿಳಿದ ಮೇಲೆ ಅಲ್ಲಿಯ ಚರ್ಚಿನ ಪುಸ್ತಕ. ಎಂಟನೆಯ ಹೆನ್ರಿ ದೊರೆಯ ಮಂತ್ರಿ ಥಾಮಸ್ ಕ್ರಾಮ್ವೆಲ್ಲನು, ಪ್ರತಿ ಪ್ಯಾರಿಷಿನ ಪಾದ್ರಿಯೂ ಜ್ಞಾನಸ್ನಾನ, ಮದುವೆ, ಹೂಳುವಿಕೆಗಳನ್ನು ಬರೆದಿಡಬೇಕೆಂದು 1538ರಲ್ಲಿ ಆಜ್ಞೆ ಮಾಡಿದನು. 1754ರಿಂದ ಮದುವೆಯ ಪುಸ್ತಕದಲ್ಲಿ ವಧೂವರರ ರುಜು ಕಡ್ಡಾಯವಾಯಿತು. ಅಕ್ಷರ ಬಾರದವರು ಒಂದು ಗುರುತು ಹಾಕಿದರು. 1813ರಿಂದ ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಕಸುಬೂ ಸೇರಿತು. ಪಾದ್ರಿ ಕಿವಿಗೆ ಬಿದ್ದಂತೆ ಬರೆಯುತ್ತಿದ್ದುದರಿಂದ ಒಂದೇ ಮನೆಹೆಸರು ಮೂರು ನಾಲ್ಕು ಬಗೆಯಾಗಿರುವುದುಂಟು. ಹೆಸರು ಕೂಡಿತೆಂದು ಅವನನ್ನೇ ಮುತ್ತಜ್ಜನೆನ್ನಬಾರದು. ಆ ಮಗು ಎಳವೆಯಲ್ಲೇ ತೀರಿಕೊಂಡಿತೇ ಎಂದು ಹೂಳುವಿಕೆಯ ಪುಸ್ತಕವನ್ನೂ ನೋಡಲೇಬೇಕು.

ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವ ಕಾಗದ ಇನ್ನೊಂದುಂಟು. ಆ ಕಾಲದಲ್ಲಿ ಪ್ರತಿ ಪ್ಯಾರಿಷೂ ತನ್ನ ಬಡವರನ್ನು ತನ್ನ ತೆರಿಗೆಯಿಂದಲೇ ಸಾಕಬೇಕಾಗಿತ್ತು. ಆದುದರಿಂದ ಹೊರಗಿನಿಂದ ದುಡಿಯಲು ಬಂದವನು ನಾಳೆ ಭಾರವಾದಾನೆಂದು ಊರವರಿಗೆ ಅಂಜಿಕೆ. 1662ರ ಕಾನೂನು ಅಂಥವನನ್ನು ಅವನ ಹಕ್ಕಿನ ಊರಿಗೆ ಹಿಂದಕ್ಕೆ ಕಳಿಸಲು ಅಧಿಕಾರ ಕೊಟ್ಟಿತು. 1795ರ ತರುವಾಯ, ನಿಜವಾಗಿ ನೆರವು ಬೇಡಿದವನನ್ನು ಮಾತ್ರ ಕಳಿಸಬಹುದೆಂದಾಯಿತು. ಕಳಿಸುವ ಮುನ್ನ ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿಸಿ ವಿಚಾರಣೆ: ಎಲ್ಲಿ ಹುಟ್ಟಿದೆ? ಯಾರ ಮನೆಯಲ್ಲಿ ವರ್ಷಪೂರ್ತಿ ಆಳಾಗಿದ್ದೆ? ಯಾರ ಬಳಿ ಕಸುಬು ಕಲಿತೆ? ಹೆಂಡತಿ ಮಕ್ಕಳು ಎಷ್ಟು? ಗುಮಾಸ್ತನು ಬರೆದುಕೊಂಡನು, ಕೂಲಿಯವನು ಅಡಿಯಲ್ಲಿ ಗುರುತು ಹಾಕಿದನು. ಅವನನ್ನು ಹೊರಹಾಕಲೆಂದು ಬರೆದ ಆ ಕಾಗದವೇ ಇಂದು ಅವನ ಬಾಳಿನ ಕಥೆಯನ್ನು ಮೊಮ್ಮಕ್ಕಳ ಮಕ್ಕಳಿಗೆ ಹೇಳುತ್ತದೆ. ಇಂಥ ಕಾಗದಗಳು ಬಹುಮಟ್ಟಿಗೆ ಆಯಾ ಕೌಂಟಿಯ ದಫ್ತರಖಾನೆಗಳಲ್ಲಿವೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದರಲ್ಲಿ ಒಂದು ಪಾಠವುಂಟು. ನಮ್ಮ ದೇಶದ 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಗಳ ವಿವರಗಳು ಸಾರ್ವಜನಿಕರ ನೋಟಕ್ಕೆ ದೊರೆಯುವುದಿಲ್ಲ. ಹೆಳವರೋ, ನಾವು ಬಾಡಿಗೆಗಿರುವ ಖೋಲಿಯನ್ನು ಹುಡುಕಿಕೊಂಡು ಬರಲಾರರು. ಆದುದರಿಂದ ಅಜ್ಜ ಅಜ್ಜಿಯರ ಹೆಸರು, ಊರು, ತಾಲ್ಲೂಕು, ಕಸುಬು, ಊರು ಬಿಟ್ಟ ಇಸವಿ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಹೇಳುವ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.