ಸಿರಿಂಜಿನಲ್ಲಿದ್ದದ್ದು ಉಪ್ಪುನೀರು

ರಾತ್ರಿ ಪಾಳಿ. ಆಪರೇಷನ್ ಆದ ರೋಗಿ ಮೂರನೇ ಸಲ ಕರೆಯುತ್ತಿದ್ದಾರೆ: "ಸಿಸ್ಟರ್, ತಡ್ಕೊಳ್ಳೋಕಾಗ್ತಿಲ್ಲ, ಇನ್ನೊಂದು ಇಂಜೆಕ್ಷನ್ ಕೊಡಿ." ಕೇಸ್‌ಶೀಟಿನಲ್ಲಿ ಡಾಕ್ಟರು ಬರೆದಿರುವುದು ಬರೀ ಸಲೈನ್. ಸಿಸ್ಟರ್ ಅದನ್ನು ಸಿರಿಂಜಿಗೆಳೆದು, ಗಾಳಿಗುಳ್ಳೆ ತೆಗೆದು, ಹಾಸಿಗೆಯ ಹತ್ತಿರ ಬರುತ್ತಾರೆ. "ಯಾವ ಔಷಧಿ ಇದು?" ಎಂದು ರೋಗಿ ಕೇಳಿಬಿಟ್ಟರೆ? ಆರ್ಡರ್ ಬರೆದವರು ಮನೆಯಲ್ಲಿ ಮಲಗಿದ್ದಾರೆ. ಸುಳ್ಳು ಹೇಳಬೇಕಾದ ಬಾಯಿ ಸಿಸ್ಟರದ್ದು.

ಔಷಧಿಯ ವೇಷದಲ್ಲಿರುವ, ಔಷಧಿಯೇ ಇಲ್ಲದ ಇಂಥ ಮಾತ್ರೆ, ಇಂಜೆಕ್ಷನ್‌ಗಳಿಗೆ ಪ್ಲಸೀಬೊ ಎನ್ನುತ್ತಾರೆ. ಇದನ್ನು ಯಾರಿಗೆ ಕೊಡುತ್ತಿದ್ದರು? 1979ರಲ್ಲಿ ಅಮೆರಿಕದಲ್ಲಿ ಗುಡ್‌ವಿನ್ ಮತ್ತು ಸಂಗಡಿಗರು ಕಿರಿಯ ವೈದ್ಯರನ್ನೂ ನರ್ಸ್‌ಗಳನ್ನೂ ಕೇಳಿ ಪ್ರಕಟಿಸಿದ ಉತ್ತರ ಓದಿದರೆ ಈಗಲೂ ಸಂಕಟವಾಗುತ್ತದೆ. ಸಿಬ್ಬಂದಿಗೆ ಬೇಡವಾದವರಿಗೆ, ನೋವನ್ನು ದೊಡ್ಡದು ಮಾಡಿ ಹೇಳುತ್ತಾರೆಂಬ ಗುಮಾನಿ ಇದ್ದವರಿಗೆ! ಉಪ್ಪುನೀರಿಗೆ ನೋವು ಇಳಿಯಿತೇ, ಹಾಗಾದರೆ ನೋವೇ ಇರಲಿಲ್ಲ ಎಂಬ ಲೆಕ್ಕ.

ಆ ಲೆಕ್ಕ ತಪ್ಪೆಂದು ಅದಕ್ಕೂ ಒಂದು ವರ್ಷ ಮೊದಲೇ ಗೊತ್ತಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ದವಡೆಹಲ್ಲು ಕೀಳಿಸಿಕೊಂಡವರಿಗೆ ಪ್ಲಸೀಬೊ ಕೊಟ್ಟರು. ಕೆಲವರಿಗೆ ನೋವು ತಗ್ಗಿತು. ಆಮೇಲೆ, ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಕೊಟ್ಟಾಗ ಅದೇ ಜನರಿಗೆ ನೋವು ಮತ್ತೆ ಏರಿತು. ಅಂದರೆ, ಔಷಧಿ ಸಿಕ್ಕಿತೆಂಬ ನಂಬಿಕೆಗೆ ಮಿದುಳು ಮಾರ್ಫಿನ್‌ನಂಥದ್ದೇ ತನ್ನ ನೋವುನಿವಾರಕ ಎಂಡಾರ್ಫಿನ್ ಸುರಿಸಿತ್ತು. ನೋವೂ ನಿಜ, ಶಮನವೂ ನಿಜ. ಸಲೈನ್ ಕೊಟ್ಟು ರೋಗಿಯ ಸುಳ್ಳನ್ನು ಪತ್ತೆ ಮಾಡುತ್ತೇವೆ ಎನ್ನುವುದಕ್ಕೆ ವಿಜ್ಞಾನದ ಆಧಾರವೇ ಇಲ್ಲ.

ಹಾಗಿದ್ದರೆ ಒಳ್ಳೆಯ ಉದ್ದೇಶದಿಂದ ಕೊಡಬಹುದಲ್ಲ? ನನಗೆ ಒಪ್ಪಿಗೆಯಿಲ್ಲ. ನಾಳೆ ನಿಜ ತಿಳಿದ ರೋಗಿ ಅದೇ ಸಿಸ್ಟರ್ ತಂದ ಅಸಲಿ ಔಷಧಿಯನ್ನೂ ಅನುಮಾನದಿಂದಲೇ ನೋಡುತ್ತಾರೆ. ನೋವು ನಿರ್ವಹಣೆಯಲ್ಲಿ ತೊಡಗಿರುವ ಅಮೆರಿಕದ ನರ್ಸ್‌ಗಳ ಸಂಘವೂ ರೋಗಿಗೆ ತಿಳಿಸದೆ ಪ್ಲಸೀಬೊ ಕೊಡುವುದನ್ನು ವಿರೋಧಿಸಿದೆ.

ಸುಳ್ಳು ಅನಿವಾರ್ಯವೂ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚುಕ್ ತಂಡ ಕರುಳಿನ ಕಿರಿಕಿರಿಯ 80 ರೋಗಿಗಳ ಮೇಲೆ ಅಧ್ಯಯನ ನಡೆಸಿತು. "ಇದರಲ್ಲಿ ಔಷಧಿಯಿಲ್ಲ" ಎಂದು ಹೇಳಿಯೇ ಮಾತ್ರೆ ಕೊಟ್ಟಿದ್ದರೂ, ಅದನ್ನು ನುಂಗಿದವರಲ್ಲಿ ಶೇ. 59 ಮಂದಿ ಸಾಕಷ್ಟು ಆರಾಮವಾಯಿತು ಎಂದರು, ಮಾತ್ರೆಯಿಲ್ಲದವರಲ್ಲಿ ಶೇ. 35. ಚಿಕ್ಕ ಅಧ್ಯಯನ, ಮೂರೇ ವಾರ, ಪ್ಲಸೀಬೊ ಗೆಡ್ಡೆ ಕರಗಿಸುತ್ತದೆ ಎಂಬ ಮಾತಂತೂ ಅಲ್ಲ. ಇಟಲಿಯ ಟ್ಯೂರಿನ್‌ನಲ್ಲಿ ಫಾಬ್ರಿಜಿಯೊ ಬೆನೆಡೆಟ್ಟಿ ಕಂಡದ್ದು ನನಗೆ ಇನ್ನೂ ಇಷ್ಟ. ಆಪರೇಷನ್ ಆದವರಿಗೆ ಯಂತ್ರವೊಂದು ಗುಟ್ಟಾಗಿ ನೋವಿನ ಔಷಧಿ ಹರಿಸಿದಾಗ ಹೆಚ್ಚು ಡೋಸ್ ಬೇಕಾಯಿತು. ಎದುರಿಗೆ ನಿಂತು, "ಈಗ ನೋವಿನ ಔಷಧಿ ಕೊಡ್ತಿದ್ದೀನಿ" ಎಂದು ಹೇಳಿ ಕೊಟ್ಟಾಗ ಕಡಿಮೆ ಡೋಸೇ ಸಾಕಾಯಿತು.