ಹಳೇ ಮಿನಿ ಯಾಕೆ ಬಿಸಿಯಾಗುತ್ತೆ?

1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರು. ಒಳಗೆ ನಾಲ್ಕು ಜನರಿಗೆ ಜಾಗ ಮಾಡೋಕೆ ಅದರ ವಿನ್ಯಾಸಕ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ಕೂರಿಸಿದರು. ರೇಡಿಯೇಟರ್ ಪಕ್ಕಕ್ಕೆ ಹೋಗಿ ಚಕ್ರದ ಗೂಡಿಗೆ ಒತ್ತಿಕೊಂಡಿತು. ಎದುರುಗಾಳಿ ಅದಕ್ಕೆ ನೇರವಾಗಿ ಬಡಿಯೋದೇ ಇಲ್ಲ! ಎಂಜಿನ್ ಸುತ್ತ ಕಾದ ಗಾಳಿಯನ್ನೇ ಫ್ಯಾನು ರೇಡಿಯೇಟರಿನೊಳಗಿಂದ ಚಕ್ರದ ಕಡೆಗೆ ನೂಕುತ್ತೆ.

ಟ್ರಾಫಿಕ್‌ನಲ್ಲಿ ಎಂಜಿನ್ ನಿಧಾನ, ಬೆಲ್ಟಿಗೆ ಕಟ್ಟಿಕೊಂಡ ಫ್ಯಾನೂ ನಿಧಾನ. ಉಷ್ಣತೆಯ ಮುಳ್ಳು ಮೇಲೇರುತ್ತೆ. ಅದಕ್ಕೇ ಚಕ್ರದ ಗೂಡಿನೊಳಗೆ ಇನ್ನೊಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸ್ತಾರೆ. ಇಲ್ಲಿ ದಿಕ್ಕು ಮುಖ್ಯ: ಅದು ಗಾಳಿಯನ್ನು ಹೊರಗೆಳೀಬೇಕು. ವೈರು ಉಲ್ಟಾ ಕೊಟ್ಟರೆ ಎರಡು ಫ್ಯಾನುಗಳೂ ಎದುರುಬದುರು ಊದ್ತಾ ನಿಲ್ಲುತ್ತವೆ.

ಥರ್ಮೋಸ್ಟಾಟ್ ಕಿತ್ತೆಸೆದರೆ ಸರಿಹೋಗುತ್ತೆ ಅನ್ನೋದು ಬರೀ ಗ್ಯಾರೇಜ್ ವೇದಾಂತ. ಸೆಖೆಯ ಊರಾದರೆ 88 ಡಿಗ್ರಿಗೆ ತೆರೆಯೋದರ ಬದಲು 82ಕ್ಕೆ ತೆರೆಯೋದನ್ನು ಹಾಕಿ, ಸಾಕು. ಹಾಗೇ ನೀರಿನ ಪಂಪು ಮತ್ತು ಎಂಜಿನ್ ಹೆಡ್ ನಡುವಿನ ಗಿಡ್ಡ ಬೈಪಾಸ್ ಹೋಸನ್ನೂ ಬದಲಾಯಿಸಿ. ಕೈ ತೂರೋದು ಕಷ್ಟ, ಮೆಕ್ಯಾನಿಕ್ ಬೈಕೊಳ್ತಾನೆ, ಬೈಕೊಳ್ಳಲಿ.

1990ರ ದಶಕದ ಕೊನೆಯ ಮಿನಿಗಳಲ್ಲಿ ಆಗ ಅದನ್ನು ತಯಾರಿಸುತ್ತಿದ್ದ ರೋವರ್ ಕಂಪನಿಯೇ ರೇಡಿಯೇಟರನ್ನು ಮುಂದಕ್ಕೆ ತಂದಿತು. ಹಳೇ ಕಾರಿಗೂ ಹಾಗೆ ಮಾಡಬಹುದು. ಆದರೆ ಪೈಪು, ಬ್ರಾಕೆಟ್ಟು ಎಲ್ಲ ಬದಲಾಗಬೇಕು. ಅಷ್ಟು ಖರ್ಚಿಗೆ ಮುಂಚೆ, ಇರೋ ರೇಡಿಯೇಟರ್ ಒಳಗಿನ ತುಕ್ಕು ತೊಳೆಸಿ ನೋಡಿ.