ಕಿರುಬೆರಳಿಗೆ ಐದು

ಚಂದ್ರಗುತ್ತಿ ಗುಡ್ಡದ ಬುಡದಲ್ಲಿ ನಾನು ಹುಡುಗನಾಗಿದ್ದಾಗ ಅಡಿಕೆ ಸುಲಿತವೆಂದರೆ ರಾತ್ರಿ ಕೆಲಸ. ಚಪ್ಪರದಡಿ ಸಾಲಾಗಿ ಹೆಂಗಸರು, ಮುಂದೆ ಮೆಟ್ಟುಗತ್ತಿ, ಪಕ್ಕದಲ್ಲಿ ಹಸಿ ಅಡಿಕೆಯ ಗುಡ್ಡೆ. ಮಣೆಯನ್ನು ಕಾಲಲ್ಲಿ ಮೆಟ್ಟಿ, ನೆಟ್ಟಗೆ ನಿಂತ ಅಲಗಿಗೆ ಕಾಯಿ ಒತ್ತಿ ತಿರುವಿದರೆ ಸಿಪ್ಪೆ ಬೇರೆ, ಅಡಿಕೆ ಬೇರೆ. ಕೂಲಿ ಡಬ್ಬದ ಲೆಕ್ಕವಾದ್ದರಿಂದ ಕೈ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ಹೆಬ್ಬೆರಳಿಗೆ ಸುತ್ತಿದ ಹಳೆ ಸೀರೆಯ ಚಿಂದಿಯೇ ರಕ್ಷಣೆ, ಕುಯ್ದುಕೊಂಡರೆ ಅರಿಶಿನವೇ ಔಷಧ. ‘ಏನಾಗಿಲ್ಲ ಬಿಡಾ ತಮ್ಮಾ, ಈ ಡಬ್ಬ ಒಂದು ತುಂಬ್ಲಿ’ ಎಂದು ಪಕ್ಕದ ಮನೆಯ ಅಕ್ಕ ರಕ್ತ ಒರೆಸಿಕೊಂಡು ಮತ್ತೆ ಕೂತದ್ದು ಕಣ್ಣಿಗೆ ಕಟ್ಟಿದೆ.

ಆ ಅಕ್ಕನ ನೆನಪು ಮರಳಿದ್ದು ಒಂದು ಕಾನೂನು ಪುಸ್ತಕದಲ್ಲಿ. ಬೇರೇನೋ ಹುಡುಕುತ್ತಿದ್ದವನು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಗೆ ಎಡವಿದೆ. ಅಲ್ಲಿ ಮನುಷ್ಯನ ಮೈಯನ್ನು ಸಂತೆಯ ದರಪಟ್ಟಿಯಂತೆ ಬಿಡಿಸಿಟ್ಟಿದ್ದರು. ಮೊಣಕೈ ಮೇಲಿಂದ ಬಲಗೈ ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 70 ನಷ್ಟ, ಎಡಗೈಯಾದರೆ 60. ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಮಿಕ್ಕ ಯಾವುದೇ ಬೆರಳಿಗೆ 5. ಎಡಗೈ ಅಗ್ಗ ಎಂದು ಬರೆದವರು ಮೆಟ್ಟುಗತ್ತಿಯ ಮುಂದೆ ಒಂದು ರಾತ್ರಿ ಕೂರಬೇಕಿತ್ತು! 1962ರ ತಿದ್ದುಪಡಿಯಲ್ಲಿ ಈ ಪಟ್ಟಿಯನ್ನೇ ಬದಲಿಸಿದರು. ಹೆಬ್ಬೆರಳು 30ಕ್ಕೆ, ತೋರುಬೆರಳು 14ಕ್ಕೆ, ನಡುಬೆರಳು 12ಕ್ಕೆ ಏರಿದವು. ಉಂಗುರದ ಬೆರಳು, ಕಿರುಬೆರಳು ತಲಾ 7.

ಬೆಲೆ ಏರಿತು ನಿಜ, ಆದರೆ ಯಾರ ಬೆರಳಿಗೆ? ಬೇಸಾಯಕ್ಕೆ ಬಂದಾಗ ಕಾಯ್ದೆ ನೋಡುತ್ತಿದ್ದುದು ಟ್ರ್ಯಾಕ್ಟರನ್ನು, ಆವಿಯಿಂದಲೋ ಕರೆಂಟಿನಿಂದಲೋ ನಡೆಯುವ ಸಾಧನವನ್ನು. ಮೆಟ್ಟುಗತ್ತಿಗೆ ಮೋಟಾರಿಲ್ಲವಲ್ಲ.

ಹೊಲದ ಕೈಗಳತ್ತ ದಿಲ್ಲಿ ತಿರುಗಿ ನೋಡಿದ್ದು ಪಂಜಾಬ್, ಹರಿಯಾಣದ ಗೋಧಿ ಒಕ್ಕುವ ಯಂತ್ರಗಳು ಸಾಲುಸಾಲಾಗಿ ಕೈ ನುಂಗಿದ ಮೇಲೆ. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಒಕ್ಕುವ ಯಂತ್ರದ ಭಾರತೀಯ ಮಾನಕದಲ್ಲಿರುವ ಉಪಾಯ ನನಗೆ ಬಲು ಇಷ್ಟ. ಪೈರು ತಳ್ಳುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕು, ಅದರಲ್ಲಿ 45 ಸೆಂ.ಮೀ. ಮುಚ್ಚಿರಬೇಕು. ಎಷ್ಟೇ ತೂಕಡಿಸಿದರೂ ಒಳಗೆ ತಿರುಗುವ ಹಲ್ಲಿಗೆ ಕೈ ಎಟುಕಬಾರದು. ಜಾಗ್ರತೆ ಎಂದು ಬೋರ್ಡು ಬರೆಸುವುದಕ್ಕಿಂತ ಈ ಒಂದು ಮೊಳದ ತಗಡು ಮೇಲು.

ನಮ್ಮ ಕಡೆಗೆ ಸುಲಿಯುವ ಯಂತ್ರ ತಂದದ್ದು ಮಾತ್ರ ಬೆರಳಿನ ಮೇಲಿನ ಕರುಣೆಯಲ್ಲ, ಆಳು ಸಿಗದ ಕಷ್ಟ. ಪುತ್ತೂರಿನಲ್ಲಿ 2009ರ ಅಡಿಕೆ ಯಂತ್ರ ಮೇಳ ನಡೆಯುವ ಹೊತ್ತಿಗೆ ಸುಲಿತದ ಚಿಂತೆ ಎಲ್ಲ ಬೆಳೆಗಾರರದೂ ಆಗಿತ್ತು. ಕರಾವಳಿಯವರು ಸುಲಿಯುವುದು ಒಣಗಿದ ಚಾಲಿ, ನಮ್ಮದು ಹಸಿ ಕಾಯಿ. ನಮಗೆ ಹೊಂದುವ ಯಂತ್ರಗಳು ತೀರ್ಥಹಳ್ಳಿ ಕಡೆಯ ವರ್ಕ್‌ಶಾಪುಗಳಿಂದಲೂ ಬಂದವು. ರಾತ್ರಿಯ ಚಪ್ಪರ, ಅದರಡಿಯ ಹಾಡು, ಊರಿನ ಸುದ್ದಿ ಎಲ್ಲ ಎದ್ದುಹೋದವು. ಅದಕ್ಕೆ ನನಗೆ ಬೇಸರವಿದೆ, ಆದರೆ ಆ ಹಾಡಿಗೆ ಬೆರಳು ತೆತ್ತವನು ನಾನಲ್ಲ.

ಕಳೆದ ಸುಗ್ಗಿಯಲ್ಲಿ ಪರಿಚಯದವರ ಕಣಕ್ಕೆ ಹೋಗಿದ್ದೆ. ಯಂತ್ರದ ಬೆಲ್ಟು ಬರಿದಾಗಿ ಓಡುತ್ತಿತ್ತು. ಅದರ ಜಾಲರಿ ಮುಚ್ಚಳ? ‘ಬೆಲ್ಟ್ ಜಾರಿದಾಗೆಲ್ಲ ಬಿಚ್ಚೋದು ರಗಳೆ ಮಾರಾಯ್ರೆ’ ಎಂದರು ಯಜಮಾನರು. ಕಾಯಿ ಸುರಿಯುತ್ತಿದ್ದಾಕೆ ಚೊಗರು ತಾಗದಿರಲೆಂದು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟಿದ್ದಳು. ಗುಂಡಿಯಿಲ್ಲದ ತೋಳು ಬೆಲ್ಟಿನಿಂದ ಗೇಣು ದೂರದಲ್ಲಿ ಜೋಲುತ್ತಿತ್ತು. ಓಡುವ ಯಂತ್ರಕ್ಕೆ ಕೈಹಾಕಿ ಎಣ್ಣೆ ಬಿಡುವವನಿಗೆ ಮೈಗಂಟುವ ಬಟ್ಟೆಯನ್ನು ಕಾರ್ಖಾನೆಯವರೇ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕಣ ಕಾರ್ಖಾನೆಯಲ್ಲವಲ್ಲ.

ಮುಚ್ಚಳ ಆಮೇಲೆ ಕಂಡಿತು. ಅದನ್ನು ಬೋರಲು ಹಾಕಿ, ಯಂತ್ರ ಅರ್ಧಂಬರ್ಧ ಸುಲಿದು ಬಿಟ್ಟ ಅಡಿಕೆ ಆರಿಸಿಡಲು ಬಳಸಿದ್ದರು. ಅದರ ಪಕ್ಕ ಮುದುಕಿಯೊಬ್ಬಳು ಮೆಟ್ಟುಗತ್ತಿಯ ಮುಂದೆ ಕೂತಿದ್ದಳು, ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡು.